ಕಾಳಿನ ಚುಕ್ಕೆಯನ್ನು ಓದಿದ ವಿಜ್ಞಾನಿ: ಬಾರ್ಬರಾ ಮೆಕ್ಲಿಂಟಾಕ್ ಬದುಕು ಮತ್ತು ಕುಲಾಂತರಿ ಬೆಳೆಗಳ ಸುರಕ್ಷತೆ

ಬಣ್ಣದ ಕಾಳಿನ ಮೆಕ್ಕೆಜೋಳದ ತಳಿಗಳಲ್ಲಿ ಕೆಲವೊಮ್ಮೆ ವಿಚಿತ್ರವಾದ ತೆನೆಯೊಂದು ಕಾಣಸಿಗುತ್ತದೆ. ಅದರ ಕಾಳು ಪೂರ್ತಿ ನೇರಳೆಯೂ ಅಲ್ಲ, ಪೂರ್ತಿ ಬಿಳಿಯೂ ಅಲ್ಲ. ಬಿಳಿ ಮೈಮೇಲೆ ಅಲ್ಲಲ್ಲಿ ನೇರಳೆ ಚುಕ್ಕೆಗಳು. ಬಿತ್ತನೆಗೆ ಬೀಜ ಆರಿಸುವವರು ಅಂಥ ತೆನೆಯನ್ನು ಬೆರಕೆಯೆಂದು ಬದಿಗಿಡುವುದು ಸಹಜ. ಅಮೆರಿಕದ ತಳಿವಿಜ್ಞಾನಿ ಬಾರ್ಬರಾ ಮೆಕ್ಲಿಂಟಾಕ್ ಅದನ್ನು ಬದಿಗಿಡಲಿಲ್ಲ. ಆ ಚುಕ್ಕೆ ಹೇಗೆ ಮೂಡಿತು ಎಂಬ ಪ್ರಶ್ನೆಯ ಬೆನ್ನು ಹತ್ತಿದ ಅವರು, ವಂಶವಾಹಿಗಳು ತಮ್ಮ ಜಾಗವನ್ನು ಬಿಟ್ಟು ಬೇರೊಂದು ಜಾಗಕ್ಕೆ ಹೋಗಬಲ್ಲವು ಎಂಬುದನ್ನು ಜಗತ್ತಿಗೆ ತೋರಿಸಿಕೊಟ್ಟರು.

ಕುಲಾಂತರಿ ಬೆಳೆಗಳ ಕುರಿತು ರೈತರ ತರಬೇತಿಗಳಲ್ಲಿ ಸಾಮಾನ್ಯವಾಗಿ ಎರಡು ಬಗೆಯ ಮಾತುಗಳು ಕೇಳಿಬರುತ್ತವೆ. ಪ್ರಕೃತಿಯಲ್ಲಿ ವಂಶವಾಹಿಗಳು ಎಂದೂ ಕದಲುವುದಿಲ್ಲ, ಆದ್ದರಿಂದ ಅವುಗಳನ್ನು ಕದಲಿಸುವುದೇ ಅಪಾಯ ಎಂಬುದು ಒಂದು. ಸಾವಿರಾರು ವಂಶವಾಹಿಗಳ ನಡುವೆ ಒಂದನ್ನು ಸೇರಿಸಿದರೆ ಬೇರೇನೂ ಬದಲಾಗದು, ಆದ್ದರಿಂದ ಚಿಂತೆಗೆ ಕಾರಣವೇ ಇಲ್ಲ ಎಂಬುದು ಇನ್ನೊಂದು. ಮೆಕ್ಲಿಂಟಾಕ್ ಅವರು ಯಾವ ಕುಲಾಂತರಿ ಬೆಳೆಯನ್ನೂ ಸೃಷ್ಟಿಸಿದವರಲ್ಲ. ಮೊದಲ ಕುಲಾಂತರಿ ಆಹಾರ ಮಾರುಕಟ್ಟೆಗೆ ಬಂದದ್ದು ಅವರು ತೀರಿಕೊಂಡ ಎರಡು ವರ್ಷಗಳ ಬಳಿಕ. ಆದರೂ ಈ ಎರಡು ಮಾತುಗಳು ಏಕೆ ಅಪೂರ್ಣ ಎಂಬುದನ್ನು ಅವರ ಬದುಕಿನಷ್ಟು ಸ್ಪಷ್ಟವಾಗಿ ತಿಳಿಸುವ ಇನ್ನೊಂದು ಕಥನವಿಲ್ಲ. ಆದ್ದರಿಂದ ಆ ಬದುಕನ್ನು ರೈತ ಬಾಂಧವರ ಮತ್ತು ವಿಸ್ತರಣಾ ಕಾರ್ಯಕರ್ತರ ಮುಂದಿಡಲಾಗಿದೆ.

ಬಾಲ್ಯ ಮತ್ತು ಶಿಕ್ಷಣ

ಮೆಕ್ಲಿಂಟಾಕ್ ಅವರು 1902ರ ಜೂನ್ 16ರಂದು ಅಮೆರಿಕದ ಕನೆಕ್ಟಿಕಟ್ ರಾಜ್ಯದ ಹಾರ್ಟ್‌ಫರ್ಡ್ ನಗರದಲ್ಲಿ ಜನಿಸಿದರು. ತಂದೆ ಹೋಮಿಯೋಪತಿ ವೈದ್ಯರು. ಮಗುವಿಗೆ ಮೊದಲು ಎಲಿನಾರ್ ಎಂದು ಹೆಸರಿಟ್ಟಿದ್ದರೂ, ಅದರ ದಿಟ್ಟ ಸ್ವಭಾವಕ್ಕೆ ಆ ಮೃದುವಾದ ಹೆಸರು ಹೊಂದದೆಂದು ಹೆತ್ತವರು ಬಾರ್ಬರಾ ಎಂದು ಕರೆಯತೊಡಗಿದರು. 1908ರಲ್ಲಿ ಕುಟುಂಬ ನ್ಯೂಯಾರ್ಕಿನ ಬ್ರೂಕ್ಲಿನ್‌ಗೆ ಬಂದು ನೆಲೆಸಿತು.

ಪ್ರೌಢಶಾಲೆ ಮುಗಿಸಿದ ಬಾರ್ಬರಾ ಕಾಲೇಜಿಗೆ ಹೋಗಬೇಕೆಂದಾಗ ತಾಯಿ ಒಪ್ಪಲಿಲ್ಲ. ಹೆಚ್ಚು ಓದಿದ ಹುಡುಗಿಗೆ ಗಂಡು ಸಿಗುವುದು ಕಷ್ಟ ಎಂಬ ಆತಂಕ ಅವರದು; ಆ ಆತಂಕ ನಮ್ಮ ಹಳ್ಳಿಗಳಿಗೂ ಹೊಸದಲ್ಲ. ಮೊದಲ ಮಹಾಯುದ್ಧದ ಸೇವೆ ಮುಗಿಸಿ ಮರಳಿದ ತಂದೆ ಮಗಳ ಪರವಾಗಿ ನಿಂತರು. 1919ರಲ್ಲಿ ಬಾರ್ಬರಾ ಕಾರ್ನೆಲ್ ವಿಶ್ವವಿದ್ಯಾಲಯದ ಕೃಷಿ ಕಾಲೇಜನ್ನು ಸೇರಿದರು. ಅಲ್ಲಿ ತಳಿವಿಜ್ಞಾನದ ಒಂದು ಪಾಠಕ್ರಮ ಅವರ ಮನಸ್ಸನ್ನು ಸೆಳೆಯಿತು. ಅವರ ಆಸಕ್ತಿಯನ್ನು ಗಮನಿಸಿದ ಪ್ರಾಧ್ಯಾಪಕ ಹಚಿಸನ್ ಅವರು ಸ್ನಾತಕೋತ್ತರ ತರಗತಿಗೇ ಬಂದು ಕುಳಿತುಕೊಳ್ಳುವಂತೆ ದೂರವಾಣಿಯಲ್ಲಿ ಆಹ್ವಾನಿಸಿದರು. 1923ರಲ್ಲಿ ಪದವಿ, 1925ರಲ್ಲಿ ಸ್ನಾತಕೋತ್ತರ ಪದವಿ ಮತ್ತು 1927ರಲ್ಲಿ ಸಸ್ಯಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದಾಗ ಅವರಿಗೆ ಇಪ್ಪತ್ತೈದು ವರ್ಷ.

ಹತ್ತು ವರ್ಣತಂತುಗಳ ಪರಿಚಯ

ಕಾರ್ನೆಲ್‌ನಲ್ಲಿ ಆಗ ಪ್ರಾಧ್ಯಾಪಕ ಎಮರ್ಸನ್ ಅವರ ಮುಂದಾಳ್ತನದಲ್ಲಿ ಮೆಕ್ಕೆಜೋಳದ ತಳಿವಿಜ್ಞಾನ ಬೆಳೆಯುತ್ತಿತ್ತು. ಮೆಕ್ಕೆಜೋಳವನ್ನು ಆರಿಸಿಕೊಂಡದ್ದಕ್ಕೆ ಕಾರಣಗಳಿದ್ದವು. ಗಂಡು ಹೂವು ಗಿಡದ ತುದಿಯ ಸೂಲಂಗಿಯಲ್ಲಿ, ಹೆಣ್ಣು ಹೂವು ನಡುಭಾಗದ ತೆನೆಯಲ್ಲಿ ಇರುವುದರಿಂದ ಬೇಕಾದ ಗಿಡಗಳ ನಡುವೆ ಪರಾಗಸ್ಪರ್ಶ ಮಾಡಿಸುವುದು ಸುಲಭ. ತೆನೆಯ ಒಂದೊಂದು ಕಾಳೂ ಒಂದೊಂದು ಪ್ರತ್ಯೇಕ ಸಂತಾನ. ಕಾಳಿನ ಬಣ್ಣ, ಹೊಳಪು ಮತ್ತು ಆಕಾರಗಳಲ್ಲೇ ಫಲಿತಾಂಶ ಕಣ್ಣಿಗೆ ಕಾಣುತ್ತದೆ.

ಆದರೆ ಕಾಳಿನಲ್ಲಿ ಕಾಣುವ ಗುಣಕ್ಕೂ ಜೀವಕೋಶದೊಳಗಿನ ವರ್ಣತಂತುವಿಗೂ ಇರುವ ಸಂಬಂಧವನ್ನು ಕಣ್ಣಾರೆ ತೋರಿಸಿದವರಿರಲಿಲ್ಲ. ಮೆಕ್ಲಿಂಟಾಕ್ ಅವರು ವರ್ಣತಂತುಗಳಿಗೆ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುವ ವಿಧಾನವನ್ನು ಸುಧಾರಿಸಿ, ಮೆಕ್ಕೆಜೋಳದ ಹತ್ತು ವರ್ಣತಂತುಗಳಲ್ಲಿ ಪ್ರತಿಯೊಂದನ್ನೂ ಅದರ ಉದ್ದ, ಆಕಾರ ಮತ್ತು ಗಂಟುಗಳಿಂದ ಗುರುತಿಸಿದರು. 1929ರಲ್ಲಿ ಅದು ಪ್ರಕಟವಾಯಿತು. 1931ರಲ್ಲಿ ಅವರು ಹ್ಯಾರಿಯೆಟ್ ಕ್ರೈಟನ್ ಅವರೊಡಗೂಡಿ ಇನ್ನೂ ದೊಡ್ಡ ಹೆಜ್ಜೆಯಿಟ್ಟರು. ತಂದೆಯ ಕಡೆಯ ಮತ್ತು ತಾಯಿಯ ಕಡೆಯ ಗುಣಗಳು ಸಂತಾನದಲ್ಲಿ ಹೊಸದಾಗಿ ಹೊಂದಿಕೊಂಡಾಗ, ವರ್ಣತಂತುಗಳು ನಿಜವಾಗಿಯೂ ತಮ್ಮ ತುಂಡುಗಳನ್ನು ಪರಸ್ಪರ ವಿನಿಮಯ ಮಾಡಿಕೊಂಡಿರುತ್ತವೆ ಎಂಬುದನ್ನು ಒಂಬತ್ತನೆಯ ವರ್ಣತಂತುವಿನ ಸಹಾಯದಿಂದ ಸಾಬೀತುಪಡಿಸಿದರು.

ಈ ಕೆಲಸದ ಹಿಂದೆ ಹೊಲದ ದುಡಿಮೆಯಿತ್ತು. ಬಿತ್ತುವುದು, ನೀರು ಕೊಡುವುದು, ಸೂಲಂಗಿಗೂ ತೆನೆಗೂ ಚೀಲ ಕಟ್ಟುವುದು, ಪರಾಗ ಹಾಕುವುದು, ಚೀಟಿ ಬರೆಯುವುದು, ಕೊಯ್ಲಿನ ನಂತರ ಒಂದೊಂದು ಕಾಳನ್ನೂ ನೋಡುವುದು. ಇವುಗಳಲ್ಲಿ ಹೆಚ್ಚಿನದನ್ನು ಅವರು ಸ್ವತಃ ಮಾಡುತ್ತಿದ್ದರು. ತಮ್ಮ ಹೊಲದ ಪ್ರತಿಯೊಂದು ಗಿಡವನ್ನೂ ಮೊಳಕೆಯಿಂದ ತೆನೆಯವರೆಗೆ ಬೇರೆ ಬೇರೆಯಾಗಿ ಬಲ್ಲವರಾಗಿದ್ದರು. ಸರಾಸರಿಗೆ ಹೊಂದದ ಗಿಡ ಕಂಡರೆ ಅದನ್ನು ಕಿತ್ತೆಸೆಯದೆ, ಅದೇಕೆ ಹಾಗಾಯಿತೆಂದು ವಿಚಾರಿಸುವುದು ಅವರ ಜೀವಮಾನದ ಪದ್ಧತಿಯಾಯಿತು.

ಮುರಿದ ತುದಿಗಳು

ಮಿಸೌರಿ ವಿಶ್ವವಿದ್ಯಾಲಯದಲ್ಲಿ ಲೂಯಿಸ್ ಸ್ಟ್ಯಾಡ್ಲರ್ ಎಂಬ ವಿಜ್ಞಾನಿ ಮೆಕ್ಕೆಜೋಳಕ್ಕೆ ಕ್ಷ-ಕಿರಣ ಹಾಯಿಸಿ ಗುಣಗಳಲ್ಲಿ ಬದಲಾವಣೆ ತರುತ್ತಿದ್ದರು. ಅಂಥ ಗಿಡಗಳ ಜೀವಕೋಶದೊಳಗೆ ಏನಾಗಿದೆ ಎಂಬುದನ್ನು ಮೆಕ್ಲಿಂಟಾಕ್ ಪರೀಕ್ಷಿಸಿದರು. ಕಿರಣಗಳು ವರ್ಣತಂತುಗಳನ್ನು ಮುರಿದಿದ್ದವು. ತುಂಡುಗಳು ಕಳೆದುಹೋಗಿದ್ದವು, ತಿರುವುಮುರುವಾಗಿ ಸೇರಿಕೊಂಡಿದ್ದವು, ಕೆಲವು ಬಳೆಯಂತೆ ಸುತ್ತಿಕೊಂಡಿದ್ದವು. ಇಲ್ಲೊಂದು ಸಂಗತಿಯನ್ನು ನೆನಪಿಡಬೇಕು. ಕುಲಾಂತರಿ ತಂತ್ರಜ್ಞಾನ ಬರುವುದಕ್ಕೆ ಹಲವು ದಶಕಗಳ ಹಿಂದಿನಿಂದಲೇ ವಿಕಿರಣದಿಂದ ಹೊಸ ತಳಿಗಳನ್ನು ಪಡೆಯುವ ಪದ್ಧತಿ ಜಗತ್ತಿನಲ್ಲಿ ಬಳಕೆಯಲ್ಲಿದೆ. ಭಾರತದಲ್ಲಿ ಮುಂಬಯಿಯ ಭಾಭಾ ಪರಮಾಣು ಸಂಶೋಧನಾ ಕೇಂದ್ರ ಹೊರತಂದಿರುವ ಶೇಂಗಾ ಮತ್ತು ದ್ವಿದಳ ಧಾನ್ಯದ ಹಲವು ತಳಿಗಳು ಹಾಗೆ ಹುಟ್ಟಿದವು. ಅಂದರೆ ವರ್ಣತಂತುವಿನಲ್ಲಿ ಬದಲಾವಣೆಯಾಯಿತು ಎಂಬ ಮಾತ್ರಕ್ಕೆ ಒಂದು ಬೆಳೆ ವಿಷವಾಗುವುದಿಲ್ಲ. ಆಗಿರುವ ಬದಲಾವಣೆ ಯಾವುದು ಎಂಬುದೇ ಮುಖ್ಯ.

1933ರಲ್ಲಿ ಶಿಷ್ಯವೇತನ ಪಡೆದು ಜರ್ಮನಿಗೆ ಹೋದ ಮೆಕ್ಲಿಂಟಾಕ್, ಹಿಟ್ಲರನ ಆಳ್ವಿಕೆಯಲ್ಲಿ ಯಹೂದಿ ವಿಜ್ಞಾನಿಗಳ ಪಾಡನ್ನು ಕಂಡು ಮನನೊಂದು, ಅವಧಿಗೆ ಮುನ್ನವೇ ಮರಳಿದರು. ಆರ್ಥಿಕ ಕುಸಿತದ ಆ ವರ್ಷಗಳಲ್ಲಿ ಮಹಿಳೆಯೊಬ್ಬರಿಗೆ ಸಂಶೋಧನೆಯ ಕಾಯಂ ಹುದ್ದೆ ದೊರೆಯುವುದು ದುರ್ಲಭವಾಗಿತ್ತು. 1936ರಲ್ಲಿ ಮಿಸೌರಿಯಲ್ಲಿ ಸಹಾಯಕ ಪ್ರಾಧ್ಯಾಪಕರಾದರು. ಅಲ್ಲಿ ಅವರು ಕಂಡುಕೊಂಡ ವಿಷಯ ಹೀಗಿತ್ತು: ವರ್ಣತಂತು ಮುರಿದರೆ ಅದರ ಮುರಿದ ತುದಿ ಸುಮ್ಮನಿರುವುದಿಲ್ಲ, ಇನ್ನೊಂದು ಮುರಿದ ತುದಿಗೆ ಅಂಟಿಕೊಳ್ಳುತ್ತದೆ, ಕೋಶ ವಿಭಜನೆಯ ವೇಳೆ ಎರಡೂ ಕಡೆಗೆ ಎಳೆಯಲ್ಪಟ್ಟು ಮತ್ತೆ ಮುರಿಯುತ್ತದೆ, ಮತ್ತೆ ಅಂಟುತ್ತದೆ. ಆದರೆ ಬೀಜದ ಅಂಕುರದಲ್ಲಿ ಆ ಗಾಯ ಮಾಯುತ್ತದೆ. ತನ್ನೊಳಗಿನ ಮುರಿತವನ್ನು ಜೀವಕೋಶ ಗುರುತಿಸಿ ದುರಸ್ತಿ ಮಾಡಿಕೊಳ್ಳಬಲ್ಲದು ಎಂಬ ಸೂಚನೆ ಅದರಲ್ಲಿತ್ತು. ಇಂದಿನ ಜೀನೋಮ್ ತಿದ್ದುಪಡಿ ತಂತ್ರಜ್ಞಾನ ನಿಂತಿರುವುದು ಈ ಸಾಮರ್ಥ್ಯದ ಮೇಲೆಯೇ. ಅಲ್ಲಿ ವಿಜ್ಞಾನಿ ಮುಖ್ಯವಾಗಿ ಮಾಡುವುದು ನಿಗದಿತ ಜಾಗದಲ್ಲಿ ಕತ್ತರಿಸುವ ಕೆಲಸವನ್ನು, ಜೋಡಿಸುವುದು ಜೀವಕೋಶವೇ. ಜೋಡಣೆ ಬಯಸಿದಂತೆಯೇ ಆಗಿದೆಯೇ, ಬೇರೆಡೆ ಕತ್ತರಿ ಬಿದ್ದಿದೆಯೇ ಎಂದು ಪರೀಕ್ಷಿಸಬೇಕಾದ ಅಗತ್ಯವೂ ಇದರಿಂದಲೇ ಬಂದಿದೆ.

ಚುಕ್ಕೆಯ ಗುಟ್ಟು

ಮಿಸೌರಿಯಲ್ಲಿ ತಮಗೆ ಮುಂಬಡ್ತಿಯ ದಾರಿಯಿಲ್ಲವೆಂದು ಮನಗಂಡ ಮೆಕ್ಲಿಂಟಾಕ್ 1941ರಲ್ಲಿ ಆ ಕೆಲಸ ಬಿಟ್ಟರು. ಹಳೆಯ ಸಹೋದ್ಯೋಗಿ ಮಾರ್ಕಸ್ ರೋಡ್ಸ್ ಅವರ ನೆರವಿನಿಂದ, ಬಿತ್ತಲು ನೆಲ ಹುಡುಕಿಕೊಂಡು ನ್ಯೂಯಾರ್ಕ್ ಬಳಿಯ ಕೋಲ್ಡ್ ಸ್ಪ್ರಿಂಗ್ ಹಾರ್ಬರ್‌ಗೆ ಬಂದರು. ವಾಷಿಂಗ್ಟನ್ನಿನ ಕಾರ್ನೆಗಿ ಸಂಸ್ಥೆ ಅಲ್ಲಿ ಅವರಿಗೆ ಕಾಯಂ ಹುದ್ದೆ ನೀಡಿತು. ಉಳಿದ ಬದುಕನ್ನೆಲ್ಲ ಅವರು ಕಳೆದದ್ದು ಅಲ್ಲಿಯೇ. 1944ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗೆ ಆಯ್ಕೆಯಾದರು. ಆ ಗೌರವ ಪಡೆದ ಮೂರನೆಯ ಮಹಿಳೆ ಅವರು. 1945ರಲ್ಲಿ ಅಮೆರಿಕದ ತಳಿವಿಜ್ಞಾನ ಸಂಘದ ಮೊದಲ ಮಹಿಳಾ ಅಧ್ಯಕ್ಷರಾದರು.

ಅದೇ ವರ್ಷಗಳಲ್ಲಿ ಅವರ ಹೊಲದಲ್ಲಿ ಚುಕ್ಕೆಯ ಕಾಳುಗಳು, ಪಟ್ಟೆಯ ಎಲೆಗಳು ಕಾಣಿಸಿಕೊಂಡವು. ಒಂಬತ್ತನೆಯ ವರ್ಣತಂತು ಪ್ರತಿಸಲವೂ ಒಂದೇ ಜಾಗದಲ್ಲಿ ಮುರಿಯುತ್ತಿತ್ತು. ಹಾಗೆ ಮುರಿಸುವ ಅಂಶಕ್ಕೆ ಅವರು ಡಿಎಸ್ ಎಂದು ಹೆಸರಿಟ್ಟರು. ಡಿಎಸ್ ತಾನಾಗಿ ಏನನ್ನೂ ಮಾಡದು. ಎಸಿ ಎಂಬ ಇನ್ನೊಂದು ಅಂಶ ಅದೇ ಜೀವಕೋಶದಲ್ಲಿದ್ದರೆ ಮಾತ್ರ ಅದು ಚುರುಕಾಗುತ್ತಿತ್ತು. 1948ರ ಹೊತ್ತಿಗೆ ಇನ್ನೊಂದು ಸಂಗತಿ ಖಚಿತವಾಯಿತು: ಡಿಎಸ್ ಇದ್ದ ಜಾಗದಲ್ಲಿಯೇ ಇರುತ್ತಿರಲಿಲ್ಲ, ಸ್ಥಳ ಬದಲಿಸುತ್ತಿತ್ತು.

ಚುಕ್ಕೆಯ ಗುಟ್ಟು ಅದರಲ್ಲಿತ್ತು. ಕಾಳಿಗೆ ನೇರಳೆ ಬಣ್ಣ ಕೊಡುವ ವಂಶವಾಹಿಯೊಳಗೆ ಡಿಎಸ್ ಬಂದು ಕುಳಿತರೆ ಆ ವಂಶವಾಹಿ ಕೆಡುತ್ತದೆ, ಕಾಳು ಬಿಳಿಯಾಗುತ್ತದೆ. ಕಾಳು ಬೆಳೆಯುತ್ತಿರುವಾಗ ಯಾವುದೋ ಒಂದು ಕೋಶದಲ್ಲಿ ಡಿಎಸ್ ಅಲ್ಲಿಂದ ಎದ್ದುಹೋದರೆ ಬಣ್ಣದ ವಂಶವಾಹಿ ಮತ್ತೆ ಕೆಲಸ ಆರಂಭಿಸುತ್ತದೆ. ಆ ಕೋಶದಿಂದ ಹುಟ್ಟಿದ ಕೋಶಗಳೆಲ್ಲ ನೇರಳೆಯಾಗುತ್ತವೆ. ಬೇಗ ಎದ್ದುಹೋದರೆ ದೊಡ್ಡ ಚುಕ್ಕೆ, ತಡವಾಗಿ ಎದ್ದುಹೋದರೆ ಸಣ್ಣ ಚುಕ್ಕೆ. ವಂಶವಾಹಿ ಗಿಡದಲ್ಲಿದ್ದರೆ ಸಾಲದು. ಅದು ಯಾವಾಗ, ಯಾವ ಭಾಗದಲ್ಲಿ, ಎಷ್ಟು ಕೆಲಸ ಮಾಡಬೇಕು ಎಂಬುದನ್ನು ನಿಯಂತ್ರಿಸುವ ಅಂಶಗಳೂ ಇರುತ್ತವೆ. ಮೆಕ್ಲಿಂಟಾಕ್ ಅವರಿಗೆ ಜಿಗಿತಕ್ಕಿಂತಲೂ ಈ ನಿಯಂತ್ರಣವೇ ಹೆಚ್ಚು ಮುಖ್ಯವಾಗಿ ಕಂಡಿತ್ತು.

ಒಪ್ಪಿಗೆಗೆ ಕಾಯದ ವರ್ಷಗಳು

1950ರಲ್ಲಿ ಅವರು ಈ ಶೋಧವನ್ನು ಪ್ರಕಟಿಸಿದರು. 1951ರ ಬೇಸಿಗೆಯಲ್ಲಿ ಕೋಲ್ಡ್ ಸ್ಪ್ರಿಂಗ್ ಹಾರ್ಬರ್‌ನ ವಿಚಾರ ಸಂಕಿರಣದಲ್ಲಿ ವಿವರವಾಗಿ ಮಂಡಿಸಿದರು. ಸಭೆಯಿಂದ ಬಂದದ್ದು ಹೆಚ್ಚಾಗಿ ಗೊಂದಲ ಮತ್ತು ಮೌನ. ವಂಶವಾಹಿಗಳು ದಾರದಲ್ಲಿ ಪೋಣಿಸಿದ ಮಣಿಗಳಂತೆ ತಮ್ಮ ತಮ್ಮ ಜಾಗದಲ್ಲಿ ಸ್ಥಿರವಾಗಿರುತ್ತವೆ ಎಂಬುದು ಅಂದಿನ ತಿಳಿವಳಿಕೆ. ಅವರನ್ನು ಯಾರೂ ಗೌರವಿಸಲಿಲ್ಲ ಎಂಬ ಕಥೆ ಪ್ರಚಾರದಲ್ಲಿದ್ದರೂ ಅದು ಪೂರ್ತಿ ಸರಿಯಲ್ಲ. ಅವರ ಪ್ರಾವೀಣ್ಯದ ಬಗ್ಗೆ ಸಂಶಯಪಟ್ಟವರು ಕಡಿಮೆ. ಮೆಕ್ಕೆಜೋಳದ ತಜ್ಞರು ಜಿಗಿತವನ್ನು ಒಪ್ಪಿಕೊಂಡಿದ್ದರು. ಆದರೆ ಅದನ್ನು ಆ ಒಂದು ಬೆಳೆಯ ವಿಚಿತ್ರವೆಂದು ಬಗೆದವರೇ ಹೆಚ್ಚು.

1953ರ ನಂತರ ಅವರು ಈ ವಿಷಯದ ವಿವರಗಳನ್ನು ಪತ್ರಿಕೆಗಳಲ್ಲಿ ಪ್ರಕಟಿಸುವುದನ್ನು ಬಹುಮಟ್ಟಿಗೆ ಕೈಬಿಟ್ಟು, ಸಂಸ್ಥೆಯ ವಾರ್ಷಿಕ ವರದಿಗಳಲ್ಲಷ್ಟೇ ಬರೆದಿಟ್ಟರು. ಆದರೆ ಹೊಲದ ಕೆಲಸವನ್ನು ನಿಲ್ಲಿಸಲಿಲ್ಲ. ಒಪ್ಪಿಗೆ ಸಿಗಲಿಲ್ಲವೆಂದು ಫಲಿತಾಂಶವನ್ನು ತಿದ್ದಲಿಲ್ಲ, ಬೇಗ ಮನ್ನಣೆ ಬರಲೆಂದು ಉತ್ಪ್ರೇಕ್ಷೆಯನ್ನೂ ಮಾಡಲಿಲ್ಲ.

1957ರಿಂದ ಅವರು ಇನ್ನೊಂದು ಮಹತ್ವದ ಕೆಲಸ ಕೈಗೊಂಡರು. ಮಧ್ಯ ಮತ್ತು ದಕ್ಷಿಣ ಅಮೆರಿಕದ ರೈತರು ತಲೆಮಾರುಗಳಿಂದ ಉಳಿಸಿಕೊಂಡು ಬಂದ ಮೆಕ್ಕೆಜೋಳದ ನಾಟಿ ತಳಿಗಳ ವರ್ಣತಂತುಗಳನ್ನು ಪರಿಶೀಲಿಸುವ ಕೆಲಸವದು. ವರ್ಣತಂತುಗಳ ಮೇಲಿನ ಗಂಟುಗಳ ವಿನ್ಯಾಸ ನೋಡಿ, ಯಾವ ತಳಿ ಎಲ್ಲಿಂದ ಎಲ್ಲಿಗೆ ಮನುಷ್ಯರೊಡನೆ ಪ್ರಯಾಣ ಮಾಡಿತು, ಎಲ್ಲಿ ಬೇರೊಂದರ ಜೊತೆ ಬೆರೆಯಿತು ಎಂಬುದನ್ನು ಅವರು ಗುರುತಿಸಿದರು. ಅಲ್ಲಿನ ಯುವ ವಿಜ್ಞಾನಿಗಳಿಗೆ ತರಬೇತಿ ನೀಡಿದರು. ಆ ಅಧ್ಯಯನದ ಗ್ರಂಥ ಇಬ್ಬರು ಸಹಲೇಖಕರೊಡನೆ 1981ರಲ್ಲಿ ಹೊರಬಂದಿತು.

ಈ ಕೆಲಸಕ್ಕೂ ಇಂದಿನ ಚರ್ಚೆಗೂ ನೇರ ನಂಟಿದೆ. ಮೆಕ್ಕೆಜೋಳದ ತವರು ಮೆಕ್ಸಿಕೊ. ಅಲ್ಲಿನ ಓಹಾಕಾ ಪ್ರದೇಶದ ನಾಟಿ ತಳಿಗಳಲ್ಲಿ ಕುಲಾಂತರಿ ವಂಶವಾಹಿಗಳು ಸೇರಿಕೊಂಡಿವೆ ಎಂಬ ವರದಿ 2001ರಲ್ಲಿ ಪ್ರಕಟವಾಗಿ ದೊಡ್ಡ ವಿವಾದವೆದ್ದಿತು. ಪ್ರಕಟಿಸಿದ ಪತ್ರಿಕೆಯೇ ಮರುವರ್ಷ ಆ ಪುರಾವೆ ಸಾಲದೆಂದು ತಿಳಿಸಿತು. 2009ರಲ್ಲಿ ಬಂದ ಇನ್ನೊಂದು ಅಧ್ಯಯನ ಅಲ್ಲಿನ ಕೆಲವು ಹೊಲಗಳಲ್ಲಿ ಅಂಥ ವಂಶವಾಹಿಗಳು ಇದ್ದುದನ್ನು ಮತ್ತೆ ತೋರಿಸಿತು. ಮೆಕ್ಕೆಜೋಳದ ಪರಾಗ ಗಾಳಿಯಲ್ಲಿ ಹರಡುತ್ತದೆ, ರೈತರು ಬೀಜವನ್ನು ಕೈಯಿಂದ ಕೈಗೆ ಕೊಡುತ್ತಾರೆ. ಆದ್ದರಿಂದ ಬೆರಕೆ ಅಚ್ಚರಿಯ ವಿಷಯವಲ್ಲ. ಒಂದು ಬೆಳೆಯ ತವರಿನಲ್ಲಿ ಅದರ ಕುಲಾಂತರಿಯನ್ನು ಬಿಡುಗಡೆ ಮಾಡುವಾಗ ಹೆಚ್ಚಿನ ಎಚ್ಚರ ಏಕೆ ಬೇಕು ಎಂಬುದಕ್ಕೆ ಇದೇ ಕಾರಣ.

ಮನ್ನಣೆ ಮತ್ತು ಕೊನೆಯ ದಿನಗಳು

1960ರ ದಶಕದ ಕೊನೆ ಮತ್ತು 1970ರ ದಶಕದಲ್ಲಿ ಬ್ಯಾಕ್ಟೀರಿಯಾಗಳಲ್ಲಿ, ಬಳಿಕ ನೊಣಗಳಲ್ಲಿ ಸ್ಥಳ ಬದಲಿಸುವ ವಂಶಾಂಶಗಳು ಸಿಕ್ಕವು. ಮೆಕ್ಕೆಜೋಳದ ವಿಚಿತ್ರವೆಂದು ಬಗೆದದ್ದು ಜೀವಜಗತ್ತಿನ ಸಾಮಾನ್ಯ ನಿಯಮವಾಗಿತ್ತು. 1983ರ ಅಕ್ಟೋಬರ್‌ನಲ್ಲಿ ಅವರಿಗೆ ವೈದ್ಯವಿಜ್ಞಾನದ ನೊಬೆಲ್ ಪ್ರಶಸ್ತಿ ಘೋಷಣೆಯಾಯಿತು. ಆ ವಿಭಾಗದಲ್ಲಿ ಯಾರೊಂದಿಗೂ ಹಂಚಿಕೊಳ್ಳದೆ ಪ್ರಶಸ್ತಿ ಪಡೆದ ಮೊದಲ ಮಹಿಳೆ ಅವರು. ಎಂಬತ್ತೊಂದು ವರ್ಷದ ಅವರು ಆ ಸುದ್ದಿಯನ್ನು ಕೇಳಿದ್ದು ರೇಡಿಯೋದಲ್ಲಿ. ಪ್ರಯೋಗಾಲಯದಲ್ಲಿ ವಂಶವಾಹಿ ಸೇರಿಸಿದ ಮೊದಲ ಸಸ್ಯಗಳ ವರದಿಗಳು ಬಂದದ್ದೂ ಅದೇ 1983ರಲ್ಲಿ.

ನೊಬೆಲ್ ಉಪನ್ಯಾಸದಲ್ಲಿ ಅವರು ತಮ್ಮ ಗೆಲುವಿನ ಕಥೆಯನ್ನು ಹೇಳುವುದಕ್ಕಿಂತ ಮುಂದಿನ ಪ್ರಶ್ನೆಯೊಂದನ್ನು ಎತ್ತಿದರು: ಆಘಾತ ಎದುರಾದಾಗ ಗಿಡದ ಒಟ್ಟು ವಂಶಸಂಪತ್ತು ಹೇಗೆ ಪ್ರತಿಕ್ರಿಯಿಸುತ್ತದೆ? ವರ್ಣತಂತು ಮುರಿಯುವುದು, ನಂಜಾಣುಗಳ ಸೋಂಕು, ದೂರದ ಜಾತಿಗಳ ಸಂಕರಣ ಮತ್ತು ಅಂಗಾಂಶ ಕೃಷಿ, ಇವೆಲ್ಲ ಅಂಥ ಆಘಾತಗಳಾಗಬಲ್ಲವು ಎಂಬುದು ಅವರ ನಿಲುವು. ಬಹುಪಾಲು ಕುಲಾಂತರಿ ಸಸ್ಯಗಳು ಅಂಗಾಂಶ ಕೃಷಿಯ ಮೂಲಕವೇ ಬರುತ್ತವೆ. ಆದ್ದರಿಂದ ಸೇರಿಸಿದ ಒಂದು ವಂಶವಾಹಿಯನ್ನಷ್ಟೇ ನೋಡಿ ಸುಮ್ಮನಾಗುವಂತಿಲ್ಲ, ಇಡೀ ಗಿಡವನ್ನು ನೋಡಬೇಕು.

ಮೆಕ್ಲಿಂಟಾಕ್ ಮದುವೆಯಾಗಲಿಲ್ಲ. ಪ್ರಶಸ್ತಿಯ ನಂತರವೂ ಅದೇ ಕೋಲ್ಡ್ ಸ್ಪ್ರಿಂಗ್ ಹಾರ್ಬರ್‌ನಲ್ಲಿ ಸರಳವಾಗಿ ಬದುಕಿ, 1992ರ ಸೆಪ್ಟೆಂಬರ್ 2ರಂದು ತೊಂಬತ್ತನೆಯ ವಯಸ್ಸಿನಲ್ಲಿ ನಿಧನರಾದರು. 2009ರಲ್ಲಿ ಮೆಕ್ಕೆಜೋಳದ ಪೂರ್ಣ ವಂಶನಕ್ಷೆ ಪ್ರಕಟವಾದಾಗ ಅದರಲ್ಲಿ ಸುಮಾರು ಶೇ. 85 ಭಾಗ ಜಿಗಿಯುವ ಅಂಶಗಳಿಂದಲೇ ಆಗಿರುವುದು ತಿಳಿದುಬಂದಿತು. ಅವುಗಳಲ್ಲಿ ಹೆಚ್ಚಿನವು ಈಗ ನಿಶ್ಚಲವಾಗಿವೆ. ನಾವು ಬೆಳೆದು ತಿನ್ನುವ ಜೋಳದೊಳಗೆ ಪ್ರಕೃತಿಯೇ ಮಾಡಿದ ಜಿಗಿತಗಳ ಬಹು ದೀರ್ಘ ಇತಿಹಾಸ ಅಡಗಿದೆ.

ಅವರ ನಂತರ: ಅಪಾಯ ಎಲ್ಲಿರುತ್ತದೆ?

1996ರಿಂದ ಅಮೆರಿಕದ ರೈತರು ಬಿಟಿ ಮೆಕ್ಕೆಜೋಳ ಬೆಳೆಯತೊಡಗಿದರು. ಕಾಂಡಕೊರಕವನ್ನು ಕೊಲ್ಲುವ ಪ್ರೋಟೀನನ್ನು ಗಿಡವೇ ತಯಾರಿಸುವಂತೆ ಮಣ್ಣಿನ ಬ್ಯಾಕ್ಟೀರಿಯಾ ಒಂದರ ವಂಶವಾಹಿಯನ್ನು ಅದಕ್ಕೆ ಸೇರಿಸಲಾಗಿತ್ತು. 1999ರಲ್ಲಿ ಮೆಕ್ಲಿಂಟಾಕ್ ಓದಿದ ಕಾರ್ನೆಲ್‌ನ ವಿಜ್ಞಾನಿಗಳೇ ಒಂದು ಎಚ್ಚರಿಕೆ ನೀಡಿದರು. ಬಿಟಿ ಜೋಳದ ಪರಾಗ ಉದುರಿಸಿದ ಎಲೆಗಳನ್ನು ತಿಂದ ಮೊನಾರ್ಕ್ ಚಿಟ್ಟೆಯ ಮರಿಹುಳುಗಳು ಪ್ರಯೋಗಾಲಯದಲ್ಲಿ ಹೆಚ್ಚಾಗಿ ಸತ್ತಿದ್ದವು. ಬಳಿಕ ಹಲವು ರಾಜ್ಯಗಳ ಹೊಲಗಳಲ್ಲಿ ನಡೆದ ಅಧ್ಯಯನಗಳು 2001ರಲ್ಲಿ ಪ್ರಕಟವಾದವು. ಹೆಚ್ಚಾಗಿ ಬೆಳೆಯುತ್ತಿದ್ದ ಬಿಟಿ ಜೋಳಗಳ ಪರಾಗದಲ್ಲಿ ವಿಷಾಂಶ ಅತ್ಯಲ್ಪ, ಹೊಲದಲ್ಲಿ ಚಿಟ್ಟೆಗೆ ಅಪಾಯ ನಗಣ್ಯ ಎಂದು ತಿಳಿಯಿತು. ಆದರೆ 176 ಎಂಬ ಸಂಖ್ಯೆಯ ಒಂದು ಬಗೆಯ ಪರಾಗ ಮಾತ್ರ ನಿಜವಾಗಿಯೂ ಹಾನಿಕರವಾಗಿತ್ತು; ಅದು ಮಾರುಕಟ್ಟೆಯಿಂದ ಮರೆಯಾಯಿತು.

ವ್ಯತ್ಯಾಸ ಎಲ್ಲಿತ್ತು? ಎರಡು ಕಡೆಯೂ ಇದ್ದದ್ದು ಒಂದೇ ಪ್ರೋಟೀನಿನ ವಂಶವಾಹಿ. 176ರಲ್ಲಿ ಆ ವಂಶವಾಹಿಗೆ ಪರಾಗದಲ್ಲಿ ಜೋರಾಗಿ ಕೆಲಸ ಮಾಡಿಸುವ ನಿಯಂತ್ರಕ ಭಾಗವೊಂದನ್ನು ಜೋಡಿಸಲಾಗಿತ್ತು. ವಂಶವಾಹಿ ಒಂದೇ, ನಿಯಂತ್ರಣ ಬೇರೆ, ಆದ್ದರಿಂದ ಅಪಾಯವೂ ಬೇರೆ. ಅರ್ಧ ಶತಮಾನದ ಹಿಂದೆ ಚುಕ್ಕೆಯ ಕಾಳಿನಲ್ಲಿ ಮೆಕ್ಲಿಂಟಾಕ್ ಓದಿದ್ದು ಇದನ್ನೇ. ಕುಲಾಂತರಿ ಬೆಳೆಗಳೆಲ್ಲ ಸುರಕ್ಷಿತ ಅಥವಾ ಕುಲಾಂತರಿ ಬೆಳೆಗಳೆಲ್ಲ ಅಪಾಯಕಾರಿ ಎಂಬ ಮಾತಿಗೆ ವೈಜ್ಞಾನಿಕ ಅರ್ಥವಿಲ್ಲದಿರುವುದು ಇದರಿಂದಲೇ. ಸೇರಿಸಿದ ವಂಶವಾಹಿ, ಅದು ಕುಳಿತ ಜಾಗ, ಅದರ ನಿಯಂತ್ರಕ ಭಾಗ ಮತ್ತು ಅದು ಬೆಳೆಯುವ ಪರಿಸರ, ಇವೆಲ್ಲವನ್ನೂ ಪ್ರತಿಯೊಂದು ಪ್ರಕರಣದಲ್ಲಿಯೂ ಬೇರೆಯಾಗಿಯೇ ಪರೀಕ್ಷಿಸಬೇಕು.

ಆಹಾರದ ಸುರಕ್ಷತೆಯಲ್ಲೂ ಹೀಗೆಯೇ. ಸೋಯಾ ಅವರೆಯ ಪೌಷ್ಟಿಕತೆ ಹೆಚ್ಚಿಸಲು ಬ್ರೆಜಿಲ್ ನಟ್ ಎಂಬ ಕಾಯಿಯ ವಂಶವಾಹಿಯನ್ನು ಸೇರಿಸಿದಾಗ, ಆ ಕಾಯಿಯ ಅಲರ್ಜಿ ಗುಣವೂ ಸೋಯಾಕ್ಕೆ ಬಂದಿರುವುದು ಪರೀಕ್ಷೆಯಲ್ಲಿ ತಿಳಿಯಿತು. 1996ರಲ್ಲಿ ಅದು ಪ್ರಕಟವಾಯಿತು. ಆ ಸೋಯಾ ಮಾರುಕಟ್ಟೆಗೆ ಬರಲೇ ಇಲ್ಲ. ಪರೀಕ್ಷೆ ನಡೆದದ್ದರಿಂದ ಅಪಾಯ ತಪ್ಪಿತು. 2000ದಲ್ಲಿ ಇನ್ನೊಂದು ಪ್ರಕರಣ ನಡೆಯಿತು. ಪಶು ಆಹಾರಕ್ಕೆ ಮಾತ್ರ ಅನುಮತಿ ಪಡೆದಿದ್ದ ಸ್ಟಾರ್‌ಲಿಂಕ್ ಎಂಬ ಬಿಟಿ ಜೋಳ ಅಮೆರಿಕದಲ್ಲಿ ಜನರ ತಿನಿಸುಗಳಲ್ಲಿ ಪತ್ತೆಯಾಗಿ, ಸರಕನ್ನು ಅಂಗಡಿಗಳಿಂದ ಹಿಂಪಡೆಯಬೇಕಾಯಿತು. ಅಲ್ಲಿ ಸೋತದ್ದು ಬೀಜ ಮತ್ತು ಧಾನ್ಯವನ್ನು ಬೇರೆಯಾಗಿ ಇಡುವ ವ್ಯವಸ್ಥೆ. ಅನುಮೋದನೆ ಪಡೆದು ಬಳಕೆಯಲ್ಲಿರುವ ಕುಲಾಂತರಿ ಆಹಾರಗಳು ಸಾಂಪ್ರದಾಯಿಕ ತಳಿಗಳಿಗಿಂತ ಮನುಷ್ಯರ ಆರೋಗ್ಯಕ್ಕೆ ಹೆಚ್ಚು ಹಾನಿಕರ ಎಂಬುದಕ್ಕೆ ಪುರಾವೆ ಸಿಕ್ಕಿಲ್ಲ ಎಂಬುದು ಪ್ರಮುಖ ವಿಜ್ಞಾನ ಅಕಾಡೆಮಿಗಳ ಅಭಿಪ್ರಾಯ. ಈ ಅಭಿಪ್ರಾಯ ಪರೀಕ್ಷೆಗೆ ಒಳಗಾದ ಬೆಳೆಗಳಿಗೆ ಅನ್ವಯಿಸುತ್ತದೆಯೇ ಹೊರತು ಮುಂದೆ ಬರಲಿರುವ ಎಲ್ಲ ಬೆಳೆಗಳಿಗಲ್ಲ.

ನಮ್ಮ ಹೊಲಗಳಲ್ಲಿ

ಭಾರತದಲ್ಲಿ 2002ರ ಮಾರ್ಚ್‌ನಲ್ಲಿ ಬಿಟಿ ಹತ್ತಿಗೆ ಅನುಮತಿ ದೊರೆಯಿತು. ಇಂದು ಕರ್ನಾಟಕದ ರೈತರು ಕಾನೂನುಬದ್ಧವಾಗಿ ಬೆಳೆಯುತ್ತಿರುವ ಕುಲಾಂತರಿ ಬೆಳೆ ಅದೊಂದೇ. ಬಿಟಿ ಬದನೆಯ ವಿಷಯ ಬೇರೆಯಾಯಿತು. ನಮ್ಮ ಸ್ಥಳೀಯ ಬದನೆ ತಳಿಗಳಲ್ಲಿ ಆ ಗುಣ ತರುವ ಕೆಲಸದಲ್ಲಿ ಧಾರವಾಡದ ಕೃಷಿ ವಿಶ್ವವಿದ್ಯಾಲಯವೂ ಪಾಲ್ಗೊಂಡಿತ್ತು. ಬೆಂಗಳೂರೂ ಸೇರಿದಂತೆ ಏಳು ನಗರಗಳಲ್ಲಿ ಸಾರ್ವಜನಿಕ ಸಮಾಲೋಚನೆ ನಡೆದ ಬಳಿಕ 2010ರ ಫೆಬ್ರವರಿ 9ರಂದು ಕೇಂದ್ರ ಸರ್ಕಾರ ಅದರ ಬಿಡುಗಡೆಯನ್ನು ತಡೆಹಿಡಿಯಿತು. ಬದನೆಯ ತಳಿ ವೈವಿಧ್ಯಕ್ಕೆ ಭಾರತ ತವರು ಎಂಬುದೂ ಅಂದಿನ ಚರ್ಚೆಯ ಮುಖ್ಯ ಅಂಶವಾಗಿತ್ತು. ಮೆಕ್ಸಿಕೊಗೆ ಮೆಕ್ಕೆಜೋಳ ಹೇಗೋ ನಮಗೆ ಬದನೆ ಹಾಗೆ.

ಹತ್ತಿಯಲ್ಲಿ ನಾವು ಕಂಡ ದೊಡ್ಡ ಅಪಾಯ ಆಹಾರದ್ದಲ್ಲ, ಕೀಟದ್ದು. ಆರಂಭದಲ್ಲಿ ಬಿಟಿ ಹತ್ತಿ ಕಾಯಿಕೊರಕದ ಹಾವಳಿಯನ್ನು ಇಳಿಸಿತು, ಸಿಂಪರಣೆಯ ವೆಚ್ಚವೂ ತಗ್ಗಿತು. ಪ್ರತಿ 450 ಗ್ರಾಂ ಬಿಟಿ ಬೀಜದೊಡನೆ 120 ಗ್ರಾಂ ಬಿಟಿಯೇತರ ಬೀಜವನ್ನು ಆಶ್ರಯ ಬೆಳೆಯಾಗಿ ಬಿತ್ತಲು ಕೊಡಲಾಗುತ್ತಿತ್ತು. ಆ ಸಾಲುಗಳಲ್ಲಿ ಬದುಕುವ ಕೀಟಗಳು ನಿರೋಧಕ ಕೀಟಗಳೊಡನೆ ಕೂಡಿ, ನಿರೋಧಕ ಗುಣ ಹರಡುವುದನ್ನು ನಿಧಾನಗೊಳಿಸಲಿ ಎಂಬುದು ಉದ್ದೇಶ. ಬಹುಪಾಲು ಹೊಲಗಳಲ್ಲಿ ಆ ಪೊಟ್ಟಣ ಬಿತ್ತನೆಯಾಗಲೇ ಇಲ್ಲ. ಇಳುವರಿ ಕಡಿಮೆಯಾದೀತೆಂಬ ರೈತರ ಭಯ ಅರ್ಥವಾಗುವಂಥದ್ದೇ. ಅದರ ಮಹತ್ವವನ್ನು ಮನಮುಟ್ಟುವಂತೆ ತಿಳಿಸುವಲ್ಲಿ ವಿಜ್ಞಾನಿಗಳಾದ ನಾವೂ ಹಿಂದೆ ಬಿದ್ದೆವು. 2010ರ ಹೊತ್ತಿಗೆ ಗುಜರಾತಿನಲ್ಲಿ ಗುಲಾಬಿ ಕಾಯಿಕೊರಕ ಮೊದಲ ಬಿಟಿ ಪ್ರೋಟೀನಿಗೆ ಜಗ್ಗದಾಯಿತು. ಕೆಲವೇ ವರ್ಷಗಳಲ್ಲಿ ಎರಡು ಪ್ರೋಟೀನಿನ ಹತ್ತಿಯನ್ನೂ ಅದು ಗೆದ್ದು ನಮ್ಮ ರಾಜ್ಯದ ಹತ್ತಿ ಬೆಳೆಗಾರರನ್ನೂ ಕಾಡಿತು.

ಮೆಕ್ಲಿಂಟಾಕ್ ಅವರ ಬದುಕಿನಿಂದ ನಾವು ಹೊಲಕ್ಕೆ ಒಯ್ಯಬಹುದಾದ ಅಂಶಗಳು ಇವು:

• ಕುಲಾಂತರಿ ಬೀಜದ ಬಗ್ಗೆ ಯಾರಾದರೂ ಹೊಗಳಲಿ ಅಥವಾ ತೆಗಳಲಿ, ಯಾವ ಬೆಳೆ, ಯಾವ ವಂಶವಾಹಿ, ಯಾವ ಪರೀಕ್ಷೆ ಎಂದು ಕೇಳಬೇಕು.

• ಅನುಮೋದನೆಯಿಲ್ಲದ ಕಳೆನಾಶಕ ಸಹಿಷ್ಣು ಹತ್ತಿ ಬೀಜವನ್ನು ಕೊಳ್ಳಬಾರದು. ಅದರ ಹಿಂದೆ ಅಧಿಕೃತ ಪರೀಕ್ಷೆಯೂ ಇಲ್ಲ, ಬೆಳೆ ಕೈಕೊಟ್ಟರೆ ಪರಿಹಾರ ಕೇಳಲು ರಸೀದಿಯೂ ಇರುವುದಿಲ್ಲ. ಪರವಾನಗಿ ಪಡೆದ ಮಾರಾಟಗಾರರಿಂದಲೇ ಬೀಜ ಪಡೆದು, ರಸೀದಿ ಮತ್ತು ಪೊಟ್ಟಣವನ್ನು ಸುಗ್ಗಿಯವರೆಗೆ ಕಾದಿಡಬೇಕು.

• ಬಿಟಿ ಹತ್ತಿಯಲ್ಲಿ ಆಶ್ರಯ ಬೀಜವನ್ನು ಬಿಡದೆ ಬಿತ್ತಬೇಕು. ಮೋಹಕ ಬಲೆಗಳನ್ನು ಕಟ್ಟಿ ಪತಂಗಗಳನ್ನು ಎಣಿಸಬೇಕು. ಬೆಳೆಯನ್ನು ಅವಧಿ ಮೀರಿ ಹೊಲದಲ್ಲಿ ಉಳಿಸದೆ, ಕಟಾವಾದ ಕೂಡಲೇ ಹತ್ತಿ ಕಟ್ಟಿಗೆಯನ್ನು ತೆರವುಗೊಳಿಸಬೇಕು.

• ನಾಟಿ ತಳಿಗಳ ಬೀಜವನ್ನು ಉಳಿಸಿಕೊಳ್ಳಬೇಕು, ಬೆರಕೆಯಾಗದಂತೆ ಕಾಯಬೇಕು.

• ಹೊಲದಲ್ಲಿ ಉಳಿದವುಗಳಂತಿಲ್ಲದ ಗಿಡ, ಬಿಟಿ ಕಾಯಿಯೊಳಗೆ ಬದುಕಿರುವ ಹುಳು ಕಂಡರೆ ಅದನ್ನು ಕಡೆಗಣಿಸದೆ ಹತ್ತಿರದ ರೈತ ಸಂಪರ್ಕ ಕೇಂದ್ರಕ್ಕೋ ಕೃಷಿ ವಿಜ್ಞಾನ ಕೇಂದ್ರಕ್ಕೋ ತಿಳಿಸಬೇಕು. ವಿಸ್ತರಣಾ ಕಾರ್ಯಕರ್ತರು ಅಂಥ ಮಾಹಿತಿಯನ್ನು ದಿನಾಂಕ ಮತ್ತು ಸ್ಥಳದೊಂದಿಗೆ ಬರೆದಿಡಬೇಕು.

ಕೊನೆಯ ಅಂಶವೇ ಎಲ್ಲಕ್ಕಿಂತ ಮುಖ್ಯವಾದದ್ದು. ಹೊಸ ತಳಿಯ ಸುರಕ್ಷತೆ ಅನುಮೋದನೆಯ ದಿನಕ್ಕೆ ಮುಗಿಯುವ ವಿಷಯವಲ್ಲ. ಅದು ಪ್ರತಿ ಹಂಗಾಮಿನಲ್ಲಿಯೂ ಹೊಲದಲ್ಲಿ ಪರೀಕ್ಷೆಗೊಳಗಾಗುತ್ತಲೇ ಇರುತ್ತದೆ. ಗುಲಾಬಿ ಕಾಯಿಕೊರಕ ಬಿಟಿ ಹತ್ತಿಯನ್ನು ಗೆಲ್ಲುತ್ತಿರುವುದನ್ನು ಮೊದಲು ಕಂಡಿರಬಹುದಾದವರು ಕಾಯಿ ಬಿಡಿಸಿದ ರೈತ ಮಹಿಳೆಯರೇ. ಅಂಥ ಕಣ್ಣುಗಳು ಕಂಡದ್ದು ಬೇಗ ಬರಹಕ್ಕಿಳಿದರೆ ಹಾನಿಯೂ ಬೇಗ ತಗ್ಗುತ್ತದೆ. ಮೆಕ್ಲಿಂಟಾಕ್ ಅವರ ಹೊಲ ಚಿಕ್ಕದು, ಅವರ ಉಪಕರಣಗಳು ಸಾಮಾನ್ಯವಾದವು. ಬೇರೆಯವರು ಬೆರಕೆಯೆಂದು ಬದಿಗಿಡುವ ತೆನೆಯನ್ನು ಎತ್ತಿಕೊಂಡು ಮತ್ತೊಮ್ಮೆ ನೋಡುವ ತಾಳ್ಮೆ ಮಾತ್ರ ಅವರಲ್ಲಿ ದೊಡ್ಡದಾಗಿತ್ತು.